ಹದಿನಾರಕ್ಕೆ ಒಂಬತ್ತರ ಪರದೆ

ಸ್ಕೂಟರಿನ ಹೆಂಗಸು ಎಲ್ಲಿಂದ ಬಂದಳೋ ನರೇಶನಿಗೆ ಗೊತ್ತೇ ಆಗಲಿಲ್ಲ. ವರ್ತೂರು ಕೋಡಿ ದಾಟಿ ಬಸ್ಸನ್ನು ಎಡಕ್ಕೆ ಎಳೆಯುತ್ತಿದ್ದಂತೆ ಪಕ್ಕದಲ್ಲಿ ಕಿರ್ರೆಂದು ಸದ್ದಾಯಿತು, ಹೊರಗೆ ಯಾರೋ ಕಿರುಚಿದರು, ಒಳಗಿದ್ದವರೂ ಕಿರುಚಿದರು. ಬ್ರೇಕ್ ಒತ್ತಿ ಇಳಿದು ಓಡಿದ. ಸ್ಕೂಟರು ಚರಂಡಿಯ ಅಂಚಿಗೆ ಒರಗಿತ್ತು. ಹೆಂಗಸು ಪಕ್ಕದಲ್ಲಿ ಕುಕ್ಕುರುಗಾಲಲ್ಲಿ ಕೂತು ಮೊಣಕೈ ನೋಡಿಕೊಳ್ಳುತ್ತಿದ್ದಳು. ಪುಣ್ಯಕ್ಕೆ ತರಚಿದ್ದು ಬಿಟ್ಟರೆ ಏನೂ ಆಗಿರಲಿಲ್ಲ.

ಹೆದರಿಕೆ ಆದಾಗ ಡ್ರೈವರುಗಳಿಗೆ ಮೊದಲು ಬರುವುದು ಸಿಟ್ಟು. "ಏನಮ್ಮಾ, ಮನೇಲಿ ಹೇಳ್ಬಿಟ್ಟು ಬಂದಿದ್ದೀಯಾ?" ಎಂದು ನರೇಶ ರೇಗಿದ.

"ನಾನೇನಣ್ಣ ಮಾಡ್ದೆ? ಅವಾಗಿಂದ ನಿನ್ ಪಕ್ಕದಲ್ಲೇ ಬತ್ತಿದೀನಿ. ಪೋಂ ಪೋಂ ಅಂತ ಆರನ್ನೂ ಒಡ್ದೆ. ನೀನೇ ಬಂದು ನನ್ ಮೇಲೆ ಒರಗಿಸ್ಬಿಟ್ಟೆ!"

ಜನ ಸೇರುವಷ್ಟರಲ್ಲಿ ಅವಳೇ ಸ್ಕೂಟರು ಎತ್ತಿಕೊಂಡು, ಬಾಯಿಗೆ ಬಂದಂತೆ ಬೈದು ಹೊರಟುಹೋದಳು. ನರೇಶ ಬಂದು ಸೀಟಿನಲ್ಲಿ ಕೂತ. ಮುಂದಿನ ಎಡಗಡೆಯ ಸೀಟಿನಲ್ಲಿ ಸೌಮ್ಯಾ ಇದ್ದಳು. ದಾವಣಗೆರೆ ಕಡೆಯ ಹುಡುಗಿ, ಟೆಕ್ ಪಾರ್ಕಿನಲ್ಲಿ ಇಂಜಿನಿಯರು. ದೊಮ್ಮಸಂದ್ರದಲ್ಲಿ ಹತ್ತಿ ದಿನವೂ ಅದೇ ಸೀಟು ಹಿಡಿಯುವವಳು.

"ಅಣ್ಣಾರ, ಆಕಿ ಭಾಳ ಹೊತ್ತಿನಿಂದ ಪಕ್ಕದಾಗ ಬರ್ಲಿಕ್ಕತ್ತಿದ್ಲು," ಎಂದಳು ಮೆಲ್ಲಗೆ. "ನೀವು ನೋಡ್ಲಿಲ್ರೀ?"

"ನೋಡ್ದೆ ಮೇಡಂ. ಅವ್ರೇ ಅಡ್ಡ ಬಂದಿದ್ದು."

ಸುಳ್ಳು. ಅವನು ನೋಡಿರಲಿಲ್ಲ. ಈಚೆಗೆ ಇದು ಮೊದಲನೆಯದೂ ಆಗಿರಲಿಲ್ಲ. ಹೋಪ್ ಫಾರಂ ಸರ್ಕಲ್ಲಿನ ಬ್ಯಾರಿಕೇಡು, ಸೌತೆಕಾಯಿ ಗಾಡಿಯ ಚಕ್ರ, ಪೆಟ್ರೋಲ್ ಬಂಕಿನ ಕಂಬ, ಎಲ್ಲವೂ ಹೊಸ ಬಸ್ಸಿನ ಎಡಮೈಗೆ ಒಂದೊಂದು ಗೀರು ಎಳೆದಿದ್ದವು. ಟ್ರಾನ್ಸ್‌ಪೋರ್ಟ್ ಸೂಪರ್‌ವೈಸರು ಕಳೆದ ವಾರವಷ್ಟೇ ಕರೆದು, ಇನ್ನೊಂದು ಸಲ ಏನಾದರೂ ಆದರೆ ಬಸ್ಸಿನಿಂದ ಇಳಿಸುತ್ತೇನೆ ಎಂದಿದ್ದ.

ಬಸ್ಸಿನಿಂದ ಇಳಿದರೆ ನರೇಶ ಯಾರು? ಸರ್ಜಾಪುರದಲ್ಲಿ ಅವನನ್ನು ಡ್ರೈವರ್ ನರೇಶ ಎಂದಲ್ಲದೆ ಬರೀ ನರೇಶ ಎಂದು ಯಾರೂ ಕರೆದಿರಲಿಲ್ಲ. ಹೆಂಡತಿ ವೇಣಿ ಅಕ್ಕಪಕ್ಕದವರಿಗೆಲ್ಲ ಡ್ರೈವರ್ ಮನೆಯವಳು. ಮೀಸೆ ಮೂಡುವ ಮೊದಲೇ ದೊಡ್ಡಪ್ಪನ ಟ್ರ್ಯಾಕ್ಟರ್ ಹತ್ತಿದ್ದವನು, ಆಮೇಲೆ ಜಲ್ಲಿ ಸಾಗಿಸುವ ಟಿಪ್ಪರು, ಆಮೇಲೆ ಕಂಪನಿ ಬಸ್ಸು. ಸ್ಟೇರಿಂಗ್ ಬಿಟ್ಟು ಬೇರೆ ಏನನ್ನೂ ಆ ಕೈಗಳು ಕಲಿತಿರಲಿಲ್ಲ, ಕಲಿಯಬೇಕೆಂದು ಅವನಿಗೆ ಅನ್ನಿಸಿಯೂ ಇರಲಿಲ್ಲ.

ಇಷ್ಟಕ್ಕೂ ಕಣ್ಣಿನ ವಿಷಯದಲ್ಲಿ ಅವನಿಗೆ ಸ್ವಲ್ಪ ಜಂಬವೇ ಇತ್ತು. ಕಂಪನಿಯ ಕಣ್ಣಿನ ಕ್ಯಾಂಪಿನಲ್ಲಿ ಪ್ರತಿ ವರ್ಷ ಬೋರ್ಡಿನ ಕೊನೆಯ ಸಾಲಿನ ಇರುವೆಯಂಥ ಅಕ್ಷರಗಳನ್ನು ಪಟಪಟನೆ ಓದಿ, ಕನ್ನಡಕ ಹಾಕಿಕೊಂಡ ಬೇರೆ ಡ್ರೈವರುಗಳನ್ನು ರೇಗಿಸಿ ಬರುತ್ತಿದ್ದ. ಹೀಗಿರುವಾಗ ತಪ್ಪು ತನ್ನದು ಎಂದು ಅವನಿಗೆ ಹೊಳೆಯುವುದಾದರೂ ಹೇಗೆ? ತಪ್ಪು ಬಸ್ಸಿನದು. ಹಳೆಯ ಬಸ್ಸಿಗೆ ಒಬ್ಬ ಕ್ಲೀನರ್ ಇದ್ದ. ಮುನಿಯಣ್ಣ ಎಂದು, ನರೇಶನಿಗಿಂತ ಬಹಳ ಹಿರಿಯ. ಎಡಬಾಗಿಲಲ್ಲಿ ನೇತಾಡುತ್ತ ತಗಡು ಬಡಿಯುವುದು ಅವನ ಕೆಲಸ. ಒಂದು ಬಡಿದರೆ ನಿಲ್ಲು, ಎರಡು ಬಡಿದರೆ ಹೋಗು, ಪಟಪಟ ಬಡಿದರೆ ಪಕ್ಕದಲ್ಲಿ ಯಾರೋ ಇದ್ದಾರೆ. ಆಮೇಲೆ ತಾನಾಗಿ ತೆರೆಯುವ ಬಾಗಿಲಿನ ಹೊಸ ಬಸ್ಸು ಬಂತು. ಡ್ರೈವರೇ ಗುಂಡಿ ಒತ್ತಿ ಬಾಗಿಲು ತೆರೆಯುವಾಗ ಬಾಗಿಲಿಗೆಂದು ಇನ್ನೊಬ್ಬ ಏಕೆ ಎಂದು ಕಂಪನಿಯವರು ಮುನಿಯಣ್ಣನನ್ನು ಬಿಡಿಸಿದರು. ಅವನೀಗ ಜಿಗಣಿಯ ಯಾವುದೋ ಗೋಡೌನಿನಲ್ಲಿ ವಾಚ್‌ಮನ್.

ಜನರನ್ನು ಟೆಕ್ ಪಾರ್ಕಿನ ಗೇಟಿನಲ್ಲಿ ಇಳಿಸಿ, ಬಸ್ಸನ್ನು ನೆರಳಿಗೆ ನಿಲ್ಲಿಸಿ, ನರೇಶ ಕುಂದಲಹಳ್ಳಿಯ ಅಂಬರೀಶನ ಗೇಮಿಂಗ್ ಸೆಂಟರಿನ ಕಡೆ ನಡೆದ. ಕಂಪನಿ ಬಸ್ಸಿನ ಡ್ರೈವರನ ಹಗಲು ಒಂದು ವಿಚಿತ್ರವಾದ ಹಗಲು. ಬೆಳಿಗ್ಗೆ ಜನರನ್ನು ಬಿಟ್ಟ ಮೇಲೆ ಸಂಜೆಯವರೆಗೆ ಕೆಲಸವಿಲ್ಲ, ಹಾಗೆಂದು ಮನೆಗೆ ಹೋಗಿ ಮಲಗುವಂತೆಯೂ ಇಲ್ಲ. ಕೆಲವರು ಸೀಟಿನ ಮೇಲೆ ಕಾಲು ಚಾಚಿ ಗೊರಕೆ ಹೊಡೆಯುತ್ತಾರೆ, ಕೆಲವರು ಮರದ ಕೆಳಗೆ ಇಸ್ಪೀಟು ಹಾಕುತ್ತಾರೆ. ಕುಂದಲಹಳ್ಳಿಯ ಆಸುಪಾಸಿನ ಡ್ರೈವರುಗಳು ಮಾತ್ರ ಕಂಪ್ಯೂಟರಿನ ಮುಂದೆ ಕೂತು ಬಂದೂಕಿನ ಆಟ ಆಡುತ್ತಿದ್ದರು.

ಇದು ಅಂಬರೀಶ್ ಕೂಡ ಎಣಿಸದ ಸಂಗತಿ. ಅವನ ಅಪ್ಪ ನಲ್ಲಪ್ಪ ಊರಿನ ಹಳೇ ಒಕ್ಕಲು. ಹೊಲಗಳೆಲ್ಲ ಗಾಜಿನ ಕಟ್ಟಡಗಳಾದ ಮೇಲೆ ದನ ಕಟ್ಟಿಕೊಂಡು ಏನು ಮಾಡುವುದೆಂದು ಕೊಟ್ಟಿಗೆ ಖಾಲಿಯಾಯಿತು. ಅಂಬರೀಶ್ ಮೇವು ಹಾಕುವ ಗೋದಲಿ ಒಡೆಸಿ, ನೆಲಕ್ಕೆ ಟೈಲ್ಸ್ ಹಾಕಿಸಿ, ಗೋಡೆಯುದ್ದಕ್ಕೂ ಕಂಪ್ಯೂಟರು ಜೋಡಿಸಿ, ಇಂಜಿನಿಯರುಗಳಿಗಾಗಿ ಬಾಗಿಲು ತೆರೆದು ಕೂತ. ಇಂಜಿನಿಯರುಗಳಿಗೆ ಬಿಡುವಿರಲಿಲ್ಲ. ಬಿಡುವಿದ್ದದ್ದು ಅವರನ್ನು ಹೊತ್ತು ತರುವವರಿಗೆ. ಕೊಟ್ಟಿಗೆ ಡ್ರೈವರುಗಳಿಂದ ತುಂಬಿತು, ಮತ್ತು ಆ ಡ್ರೈವರುಗಳಲ್ಲಿ ನರೇಶನನ್ನು ಸೋಲಿಸುವವನೇ ಇರಲಿಲ್ಲ. ಹದಿನೇಳು ಇಂಚಿನ ಹಳೆಯ ಡಬ್ಬಾ ಮಾನಿಟರಿಗೆ ಮೂಗು ತಾಗುವಷ್ಟು ಹತ್ತಿರ ಕೂರುತ್ತಿದ್ದ, ಪರದೆಯ ನಟ್ಟನಡುವಿನ ಗುರಿಚುಕ್ಕೆಗೆ ಕಣ್ಣು ನೆಟ್ಟರೆ ರೆಪ್ಪೆ ಬಡಿಯುತ್ತಿರಲಿಲ್ಲ. ಅವನ ಗುರಿ ತಪ್ಪಿದ್ದನ್ನು ಕಂಡವರು ಕಡಿಮೆ.

ಅವತ್ತು ಒಳಗೆ ಹೋಗುತ್ತಿದ್ದಂತೆ ಅಂಬರೀಶ್ ಕೈ ಹಿಡಿದು ಎಳೆದುಕೊಂಡು ಹೋದ. "ನರೇಶಣ್ಣ, ನಿಂಗೇ ಕಾಯ್ತಿದ್ದೆ. ಬಾ, ನೋಡು ಬಾ."

ಮೇಜಿನ ಮೇಲೆ ಎರಡು ತೆಳ್ಳನೆಯ ಹೊಸ ಮಾನಿಟರುಗಳಿದ್ದವು. ಹಳೆಯ ಡಬ್ಬಾಗಳನ್ನೆಲ್ಲ ತೆಗೆದು ಎಲ್ಲ ಮೇಜಿಗೂ ಹೊಸದು ಹಾಕಬೇಕೆಂದು ಅಂಬರೀಶ್ ಎಷ್ಟೋ ದಿನದಿಂದ ಒದ್ದಾಡುತ್ತಿದ್ದ. ಯಾವ ಆಕಾರದ್ದು ಎನ್ನುವುದೇ ತಲೆನೋವು. ಒಂದು ಹಳೆಯ ಅಳತೆಯದು, ನಾಲ್ಕಕ್ಕೆ ಮೂರು, ಅಂದರೆ ಅಗಲ ನಾಲ್ಕು ಪಾಲಿದ್ದರೆ ಎತ್ತರ ಮೂರು ಪಾಲು. ಇನ್ನೊಂದು ಹೊಸ ಅಳತೆಯದು, ಹದಿನಾರಕ್ಕೆ ಒಂಬತ್ತು, ಸಿನಿಮಾ ಪರದೆಯ ಹಾಗೆ ಉದ್ದಕ್ಕೆ ಚಾಚಿಕೊಂಡದ್ದು. ಎಸ್.ಪಿ. ರೋಡಿನ ಅಂಗಡಿಯವನು ಎರಡನ್ನೂ ಆಡಿ ನೋಡಲು ಕೊಟ್ಟು, ಸಂಜೆಯೊಳಗೆ ಹೇಳಿ ಎಂದಿದ್ದನಂತೆ.

"ಎಲ್ರಿಗೂ ಒಂದೇ ಥರದ್ದು ಹಾಕ್ಬೇಕು. ಇಲ್ದಿದ್ರೆ ಮ್ಯಾಚಲ್ಲಿ ಜಗಳ ಆಗುತ್ತೆ," ಎಂದ ಅಂಬರೀಶ್. "ನೀನು ಯಾವುದು ಅಂತೀಯೋ ಅದೇ ಫೈನಲ್. ನಿನ್ ಮಾತು ತೆಗೆದುಹಾಕೋರು ಇಲ್ಲಿ ಯಾರೂ ಇಲ್ಲ."

ಈ ಮಾತು ಕೇಳಿ ನರೇಶನಿಗೆ ಬೆಳಗಿನ ಕಹಿ ಸ್ವಲ್ಪ ಇಳಿಯಿತು. ರಸ್ತೆಯಲ್ಲಿ ಮಾನ ಹೋದರೂ ಈ ಕೊಟ್ಟಿಗೆಯಲ್ಲಿ ಇನ್ನೂ ಉಳಿದಿದೆಯಲ್ಲ ಎಂದುಕೊಂಡು ಅಗಲದ ಪರದೆಯನ್ನು ಮೂಗಿನ ಹತ್ತಿರಕ್ಕೆ ಎಳೆದುಕೊಂಡು ಕೂತ. ಎದುರಾಳಿಯಾಗಿ ಆಚೆ ಮೇಜಿನಲ್ಲಿ ಶ್ಯಾಮಣ್ಣ ಕೂತ. ಕಾಲ್ ಸೆಂಟರಿನ ಕ್ಯಾಬು ಓಡಿಸುವ ಶ್ಯಾಮಣ್ಣ ಆಟದಲ್ಲಿ ಯಾವಾಗಲೂ ನರೇಶನ ಕೈಯಲ್ಲಿ ಸಾಯುವವನು, ಸತ್ತು ನಗುವವನು.

ಆಟ ಶುರುವಾಯಿತು. ನರೇಶ ಕಲ್ಲಿನ ಓಣಿಯಲ್ಲಿ ಬಂದೂಕು ಹಿಡಿದು ಮುಂದೆ ನಡೆದ. ಎದುರಿಗೆ ಯಾರೂ ಇಲ್ಲ. ಇನ್ನೂ ನಾಲ್ಕು ಹೆಜ್ಜೆ. ಢಂ ಎಂದು ಸದ್ದಾಗಿ ಪರದೆ ಕೆಂಪಾಯಿತು. ಸತ್ತ.

"ಎಲ್ಲಿದ್ದೋ?"

"ಎಡಗಡೆ ಬಾಗಿಲಲ್ಲೇ ನಿಂತಿದ್ದೆ ಗುರು. ಕಾಣಿಸ್ಲಿಲ್ವಾ?"

ಎರಡನೇ ಸಲ ಬಲಗಡೆಯ ಕಿಟಕಿಯಿಂದ ಗುಂಡು ಬಂತು. ಮೂರನೇ ಸಲ ಮತ್ತೆ ಎಡದಿಂದ. ಅದಾದ ಮೇಲೆ ಶ್ಯಾಮಣ್ಣ ಅಡಗಿಕೊಳ್ಳುವುದನ್ನೇ ಬಿಟ್ಟು ಬಯಲಲ್ಲೇ ನಿಂತು ಹೊಡೆಯತೊಡಗಿದ, ಆದರೂ ನರೇಶ ಸತ್ತ. ಹಿಂದೆ ನಿಂತಿದ್ದವರು ಮೊದಮೊದಲು ಕೇಕೆ ಹಾಕಿದರು. ಆಮೇಲೆ ಅದೂ ನಿಂತಿತು. ನರೇಶನ ಅಂಗೈ ಬೆವರಿ ಮೌಸು ಜಾರುತ್ತಿತ್ತು.

"ಈ ಸ್ಕ್ರೀನ್ ಸರಿಯಿಲ್ಲ," ಎಂದು ಎದ್ದ. "ಮಧ್ಯದಲ್ಲಿ ಚೆನ್ನಾಗಿದೆ, ಆ ಕಡೆ ಈ ಕಡೆ ಏನೂ ಕಾಣಲ್ಲ. ಅಂಚು ಮಸುಕು ಮಸುಕು."

ಅಂಬರೀಶ್ ಬಗ್ಗಿ ನೋಡಿದ. "ಮಸುಕೆಲ್ಲಿದೆ ಅಣ್ಣಾ? ಚೆನ್ನಾಗೇ ಇದೆಯಲ್ಲ."

"ನಿಂಗೇನೋ ಗೊತ್ತು? ಆಡೋನು ನಾನು."

"ಇಲ್ಲ ಗುರು, ನೀನ್ ಬರೋಕ್ ಮುಂಚೆ ನಾನೂ ಆಡಿ ನೋಡ್ದೆ, ಅಗಲದ್ದು ಸಕ್ಕತ್ತಾಗಿದೆ," ಎಂದು ಶ್ಯಾಮಣ್ಣ ಬಾಯಿ ಹಾಕಿದ. "ಪಕ್ಕದ ಗೋಡೆ, ಬಾಗ್ಲು ಎಲ್ಲ ಕಾಣ್ಸುತ್ತೆ. ಹಳೇದ್ರಲ್ಲಿ ಜಟಕಾ ಕುದುರೆಗೆ ಕಣ್ಣಪಟ್ಟಿ ಕಟ್ಟಿದಂಗಿರ್ತಿತ್ತು."

"ಆಟ ನಡೆಯೋದು ಮಧ್ಯದಲ್ಲಿ ಮಗಾ. ಪಕ್ಕ ನೋಡ್ಕೊಂಡ್ ಕೂತ್ರೆ ಎದುರುಗಡೆಯೋನು ಹೊಡೀತಾನೆ. ಆ ಚೌಕದ್ದು ಹಾಕು, ತೋರಿಸ್ತೀನಿ."

ನಾಲ್ಕಕ್ಕೆ ಮೂರರ ಮಾನಿಟರು ಜೋಡಿಸಿದರು. ನರೇಶ ಎಂದಿನಂತೆ ಹತ್ತಿರಕ್ಕೆ ಎಳೆದುಕೊಂಡು ಕೂತ. ಇದರಲ್ಲಿ ಪರದೆಯ ಮೂಲೆಮೂಲೆಯೂ ಕೈಯಲ್ಲಿ ಹಿಡಿದಂತೆ ಕಂಡಿತು. ಶ್ಯಾಮಣ್ಣ ಎಲ್ಲಿ ತಲೆ ಹಾಕಿದರೂ ಹೊಡೆದ. ಹಿಂದಿದ್ದವರು ಸಿಳ್ಳೆ ಹಾಕಿದರು. ಹೋದ ಜೀವ ಬಂದಂತಾಗಿ ನರೇಶ ಕುರ್ಚಿಯಲ್ಲೇ ತಿರುಗಿ, "ನಾನ್ ಹೇಳ್ಲಿಲ್ವಾ? ಅಗಲದ್ದು ಬರೀ ಶೋಕಿ. ಆಟಕ್ಕೆ ಇದೇ," ಎಂದ.

ಡ್ರೈವರುಗಳೆಲ್ಲ ಹೌದು ಹೌದು ಎಂದು ತಲೆಯಾಡಿಸಿದರು. ಒಂದು ಗಳಿಗೆ ಮೊದಲು ಅಗಲದ್ದನ್ನು ಹೊಗಳಿದ್ದ ಶ್ಯಾಮಣ್ಣನೂ, ಹೌದು, ಅದರಲ್ಲಿ ಅಂಚು ಸ್ವಲ್ಪ ಮಸುಕೇ ಇತ್ತು ಎಂದುಬಿಟ್ಟ. ಗೆಲ್ಲುವವನ ಮಾತಿಗೆ ಎಷ್ಟು ಬೇಗ ಕಣ್ಣುಗಳು ಬದಲಾಗುತ್ತವೆ ನೋಡಿ. ಅಂಬರೀಶ್ ಅಂಗಡಿಯವನಿಗೆ ಫೋನು ಮಾಡಲು ಮೊಬೈಲು ತೆಗೆದ.

ಫೋನು ಹತ್ತಲಿಲ್ಲ, ಬಿಜಿ ಬಂತು. ಅಷ್ಟರಲ್ಲಿ ಶ್ಯಾಮಣ್ಣ ಬಿಡುವಿದೆಯಲ್ಲ ಎಂದು ಅಗಲದ ಪರದೆಯ ಮುಂದೆ ಕೂತು ಬೇರೊಬ್ಬನ ಜೊತೆ ಆಡತೊಡಗಿದ. ನರೇಶ ಟೀ ಲೋಟ ಹಿಡಿದು ಅವನ ಹಿಂದೆ, ಗೋಡೆಗೆ ಒರಗಿ ನಿಂತು ನೋಡುತ್ತಿದ್ದ.

"ಏಯ್, ಎಡಗಡೆ ಬಾಗಿಲು! ಬಂದ ಬಂದ! ಈಗ ಬಲಗಡೆ, ಕಿಟಕಿ!"

ಶ್ಯಾಮಣ್ಣ ನೋಡುವುದಕ್ಕಿಂತ ಮುಂಚೆ ನರೇಶ ಕೂಗುತ್ತಿದ್ದ. ಒಂದೂ ತಪ್ಪಲಿಲ್ಲ. ಅಂಬರೀಶ್ ಮೊಬೈಲನ್ನು ಕಿವಿಯಿಂದ ಇಳಿಸಿದ.

"ನರೇಶಣ್ಣ, ಈಗ ಹೆಂಗೆ ಕಾಣಿಸ್ತು ನಿಂಗೆ?"

"ಏನು?"

"ಅದೇ ಸ್ಕ್ರೀನು. ಅದೇ ಅಂಚು. ಮಸುಕು ಅಂದ್ಯಲ್ಲ, ಈಗ ಹೆಂಗೆ ಕಾಣಿಸ್ತು?"

ನರೇಶ ಲೋಟ ಕೆಳಗಿಟ್ಟ. ಅಂಬರೀಶ್ ಶ್ಯಾಮಣ್ಣನನ್ನು ಎಬ್ಬಿಸಿ, ಕುರ್ಚಿಯನ್ನು ಗೋಡೆಯವರೆಗೆ ಹಿಂದಕ್ಕೆ ಎಳೆದು, ಕೀಬೋರ್ಡನ್ನು ನರೇಶನ ತೊಡೆಯ ಮೇಲಿಟ್ಟು, ಮೌಸಿಗೆ ಒಂದು ಸ್ಟೂಲು ಕೊಟ್ಟ. ಅಲ್ಲಿಂದ ನರೇಶ ಅಗಲದ ಪರದೆಯಲ್ಲೂ ಗೆದ್ದ. ಕುರ್ಚಿಯನ್ನು ಸ್ವಲ್ಪ ಮುಂದೆ ತಳ್ಳಿದರು, ಅಂಚಿನಲ್ಲಿದ್ದವರು ಮಾಯವಾದರು. ಇನ್ನೂ ಮುಂದೆ ತಳ್ಳಿದಾಗ ಬಾಗಿಲು ಕಿಟಕಿಗಳೆಲ್ಲ ಹೋದವು. ಹಿಂದಕ್ಕೆ ಎಳೆದರೆ ಎಲ್ಲ ವಾಪಸು ಬಂದವು. ಕೊಟ್ಟಿಗೆಯಲ್ಲಿ ಈಗ ಯಾರೂ ಆಡುತ್ತಿರಲಿಲ್ಲ, ಎಲ್ಲರೂ ಇವರನ್ನೇ ನೋಡುತ್ತಿದ್ದರು.

"ಅಣ್ಣಾ, ಸ್ವಲ್ಪ ನೆಟ್ಟಗೆ ಕೂತ್ಕೋ," ಎಂದ ಅಂಬರೀಶ್. ಅವನ ದನಿ ಬದಲಾಗಿತ್ತು. "ಆ ಗುರಿಚುಕ್ಕೆ ನೋಡ್ತಿರು. ಕಣ್ಣು ಅಲ್ಲಾಡಿಸ್ಬೇಡ. ನನ್ ಬೆರಳು ಯಾವಾಗ ಕಾಣಿಸುತ್ತೋ ಹೇಳು."

ನರೇಶ ನೋಡುತ್ತ ಕೂತ. ಏನೂ ಕಾಣಲಿಲ್ಲ. "ಶುರು ಮಾಡೋ," ಎಂದ. ಯಾರೂ ಉತ್ತರಿಸಲಿಲ್ಲ. ಎಡಕ್ಕೆ ತಲೆ ತಿರುಗಿಸಿದ. ಅಂಬರೀಶನ ಕೈ ಅವನ ಕಿವಿ ದಾಟಿ, ಕೆನ್ನೆ ದಾಟಿ, ಹುಬ್ಬಿನ ಕೊನೆಯವರೆಗೆ ಬಂದು ನಿಂತಿತ್ತು. ಐದು ಬೆರಳೂ ಆಡುತ್ತಿದ್ದವು.

ಬಲಗಡೆ ನೋಡಿದ. ಅಲ್ಲಿ ಶ್ಯಾಮಣ್ಣನ ಕೈಯೂ ಅಷ್ಟೇ ಹತ್ತಿರವಿತ್ತು.

"ಅಪ್ಪನಿಗೆ ಆಸ್ಪತ್ರೇಲಿ ಹಿಂಗೇ ಮಾಡಿದ್ರು," ಎಂದ ಅಂಬರೀಶ್.

ಅಪ್ಪ ನಲ್ಲಪ್ಪ ಹೊರಗೆ ಜಗಲಿಯ ಮೇಲೆ ಕೂತಿದ್ದ. ಕೊಟ್ಟಿಗೆಗೆ ಬಂದುಹೋಗುವ ಡ್ರೈವರುಗಳನ್ನು ಚಪ್ಪಲಿ ಸದ್ದಿನಲ್ಲೇ ಗುರುತು ಹಿಡಿಯುವ ಮುದುಕ. ಕಣ್ಣು ಎರಡೂ ಹೋಗಿದ್ದವು. ಒಳಗಿನ ಮಾತೆಲ್ಲ ಕೇಳಿಸಿಕೊಂಡಿದ್ದವನು ನರೇಶ ಹೊರಗೆ ಬಂದಾಗ ಪಕ್ಕದ ಜಾಗ ತಟ್ಟಿ ಕೂರಿಸಿಕೊಂಡ.

"ನಂಗೂ ಇಂಗೇ ಕಣಪ್ಪ ಆಗಿದ್ದು. ಕಣ್ಣೊಳಗೆ ಪ್ರೆಸರ್ ಅಂತೆ. ನೋವಿಲ್ಲ, ಉರಿಯಿಲ್ಲ. ಎದುರಿಗಿರೋದೆಲ್ಲ ಎಂಗಿತ್ತೋ ಅಂಗೇ ಕಾಣ್ತಿತ್ತು. ಸೂಜಿಗೆ ದಾರ ಪೋಣಿಸ್ತಿದ್ದೆ ಅಂದ್ರೆ ನಂಬ್ತೀಯಾ? ಪಕ್ಕದ್ದು ಯಾವಾಗ ಓಯ್ತೋ ಗೊತ್ತೇ ಆಗ್ಲಿಲ್ಲ. ಓಗಿರೋದು ಕತ್ತಲೆ ತರ ಕಾಣಲ್ಲ ಕಣಪ್ಪ. ಏನೂ ಇಲ್ಲ ಅನ್ನೋ ತರ ಕಾಣ್ತದೆ. ನಾನು ಕಾಲಿಗೆ ಸಿಕ್ಕಿದ್ದಕ್ಕೆಲ್ಲ ಸೊಸೇನ ಬೈಕೊಂಡೇ ಓಡಾಡ್ದೆ, ದಾರಿಲಿ ಬಿಂದಿಗೆ ಇಟ್ಟವ್ಳೆ ಅಂತ. ಆಸ್ಪತ್ರೆಗೆ ಓಗೋದ್ರಲ್ಲಿ ತಡ ಆಗೋಯ್ತು. ಓಗಿರೋದು ವಾಪಸ್ ಬರಲ್ವಂತೆ. ಇರೋದ್ನ ಉಳಿಸ್ಕೋಬೌದಂತೆ. ನೀನು ಓಗು."

ನರೇಶ ಎದ್ದು ಮನೆಮುಂದಿನ ಹುಣಸೆಮರದ ಕಡೆ ನಡೆದು, ಮುನಿಯಣ್ಣನ ನಂಬರು ಒತ್ತಿದ. ಜಿಗಣಿಯ ಗೋಡೌನಿನಲ್ಲಿ ಲಾರಿಗಳ ಸದ್ದಿನ ನಡುವೆ ಮುನಿಯಣ್ಣ ಫೋನೆತ್ತಿದ. ಕುಶಲ ಕೇಳಿದ, ಹೊಸ ಬಸ್ಸು ಹೇಗಿದೆ ಎಂದ.

"ಮುನಿಯಣ್ಣ, ಒಂದ್ ಮಾತು ಹೇಳು. ನಾನು ಗಾಡಿ ಎಡಕ್ಕೆ ತಗೊಳ್ಳುವಾಗ ಎಡಗಡೆ ನೋಡ್ತಿದ್ನಾ?"

ಮುನಿಯಣ್ಣ ನಕ್ಕ. "ನೀನೆಲ್ಲಪ್ಪ ನೋಡ್ತಿದ್ದೆ? ನಾನು ಬಡೀತಿದ್ದೆ, ನೀನು ತಿರುಗಿಸ್ತಿದ್ದೆ. ಕನ್ನಡೀನೂ ನೋಡ್ತಿರ್ಲಿಲ್ಲ ನೀನು. ಬೇರೆ ಡ್ರೈವರ್‌ಗಳು ಕ್ಲೀನರ್ ಮಾತು ನಂಬಲ್ಲ. ನೀನು ನನ್ ಮೇಲೆ ಅಷ್ಟು ನಂಬಿಕೆ ಇಟ್ಟಿದ್ದೀಯಲ್ಲ ಅಂತ ನಂಗೆ ಖುಷಿ. ಯಾಕಪ್ಪ, ಏನಾಯ್ತು?"

"ಏನಿಲ್ಲ," ಎಂದು ನರೇಶ ಫೋನಿಟ್ಟ.

ಎಷ್ಟು ವರ್ಷ ಹೀಗೆ ಓಡಿಸಿದ್ದ? ಮಕ್ಕಳು ಸ್ಕೂಲಿಗೆ ಹೋಗುವ ಹೊತ್ತಿಗೆ ವರ್ತೂರಿನಲ್ಲಿ ಹಾದುಬರುತ್ತಿದ್ದ. ಮಳೆಯಲ್ಲಿ ಬರುತ್ತಿದ್ದ. ಹಿಂದೆ ಮಲಗಿರುತ್ತಿದ್ದ ಜನರೆಲ್ಲ ಅವನನ್ನು ನಂಬಿಯೇ ಮಲಗಿರುತ್ತಿದ್ದರು. ಬೆಳಗಿನ ಹೆಂಗಸು ಅಷ್ಟು ಹೊತ್ತು ಪಕ್ಕದಲ್ಲೇ ಇದ್ದಳಂತೆ. ಅವಳು ಸತ್ಯ ಹೇಳಿದ್ದಳು, ಇವನು ಬೈದು ಕಳಿಸಿದ್ದ. ಚರಂಡಿಯ ಅಂಚು ಇನ್ನೊಂದು ಗೇಣು ಈ ಕಡೆ ಇದ್ದಿದ್ದರೆ ಅವಳು ಚಕ್ರದ ಕೆಳಗಿರುತ್ತಿದ್ದಳು.

ಸಂಜೆಯ ಹೊತ್ತು ಹತ್ತಿರವಾಗುತ್ತಿದ್ದಂತೆ ಅವನು ಚೀಲ ತೆಗೆದುಕೊಳ್ಳಲು ಒಳಗೆ ಬಂದ. ಅಂಬರೀಶ್ ಬಾಗಿಲಿಗೆ ಅಡ್ಡ ನಿಂತ.

"ಎಲ್ಲಿಗೆ ಹೊರಟೆ?"

"ಪಿಕಪ್ ಟೈಮಾಯ್ತು."

"ಅಣ್ಣಾ, ತಲೆ ನೆಟ್ಟಗಿದೆಯಾ ನಿಂಗೆ? ಸೂಪರ್‌ವೈಸರ್‌ಗೆ ಫೋನ್ ಮಾಡು. ಹುಷಾರಿಲ್ಲ ಅನ್ನು."

"ಇವತ್ತು ಹುಷಾರಿಲ್ಲ ಅಂತೀನಿ. ನಾಳೆ? ನಾಳಿದ್ದು? ಕಣ್ಣು ಹಿಂಗಿದೆ ಅಂತ ಗೊತ್ತಾದ್ರೆ ಬಸ್ಸಲ್ಲ, ಆಟೋ ಕೂಡ ಕೊಡಲ್ಲ ಯಾರೂ. ಲೈಸೆನ್ಸೇ ಕಿತ್ಕೋತಾರೆ. ನಿಂಗೇನು, ಕೂತಲ್ಲಿ ಕೂತಿರ್ತೀಯ. ಡ್ರೈವಿಂಗ್ ಬಿಟ್ರೆ ನಂಗೇನ್ ಬರುತ್ತೋ?"

"ಯಾರಾದ್ರೂ ಸತ್ರೆ?"

"ಇಷ್ಟು ವರ್ಷ ಯಾರ್ ಸತ್ರು? ನಿಧಾನಕ್ಕೆ ಹೋಗ್ತೀನಿ. ತಲೆ ತಿರುಗಿಸಿ ತಿರುಗಿಸಿ ನೋಡ್ತೀನಿ. ನಾಳೆ ಆಸ್ಪತ್ರೆಗೆ ಹೋಗ್ತೀನಿ, ಆಯ್ತಾ? ದಾರಿ ಬಿಡು."

ಅಂಬರೀಶ್ ಬಿಡಲಿಲ್ಲ. ನರೇಶ ಅವನ ಭುಜಕ್ಕೆ ಕೈ ಹಾಕಿ ಪಕ್ಕಕ್ಕೆ ನೂಕಿದ. ಇಷ್ಟು ದಿನದ ಸ್ನೇಹದಲ್ಲಿ ಅವರು ಒಬ್ಬರ ಮೇಲೊಬ್ಬರು ಕೈ ಮಾಡಿದ್ದೇ ಇಲ್ಲ. ಅಂಬರೀಶನ ಕಣ್ಣಲ್ಲಿ ನೀರು ಬಂತು, ನೋವಿಗಲ್ಲ. ನರೇಶ ಹೊಸ್ತಿಲು ದಾಟಿ ಒಂದು ಗಳಿಗೆ ನಿಂತ.

"ಅಗಲದ್ದನ್ನೇ ತರಿಸು," ಎಂದ, ಹಿಂದಿರುಗಿ ನೋಡದೆ. "ಅದ್ರಲ್ಲೇನೂ ತಪ್ಪಿಲ್ಲ."

ಟೆಕ್ ಪಾರ್ಕಿನ ಗೇಟಿನೊಳಗೆ ಬಸ್ಸು ನಿಲ್ಲಿಸಿ ಗುಂಡಿ ಒತ್ತಿ ಬಾಗಿಲು ತೆರೆದ. ಜನ ಹತ್ತಿದರು. ಕೊರಳಲ್ಲಿ ಐಡಿ ಕಾರ್ಡು, ಕಿವಿಯಲ್ಲಿ ವೈರು, ಮುಖದ ತುಂಬ ದಣಿವು. ಯಾರೂ ಡ್ರೈವರನ ಮುಖ ನೋಡುವವರಲ್ಲ. ಸೌಮ್ಯಾ ಮಾತ್ರ ಎಂದಿನಂತೆ, "ಊಟ ಆತ್ರೀ ಅಣ್ಣಾರ?" ಎಂದು ಕೇಳಿ ತನ್ನ ಸೀಟಿನಲ್ಲಿ ಕೂತಳು. ನರೇಶ ಹೂಂ ಎಂದ. ಊಟ ಮಾಡಿದ್ದು ಅವನಿಗೆ ನೆನಪಿರಲಿಲ್ಲ.

ಗೇರು ಹಾಕಿದ. ಬಸ್ಸು ಆಮೆಯ ಹಾಗೆ ಹೊರಟಿತು. ಎಡಕ್ಕೆ ತಲೆ ತಿರುಗಿಸಿ ನೋಡಿದ, ಕನ್ನಡಿ ನೋಡಿದ, ಅಷ್ಟರಲ್ಲಿ ಬಲಗಡೆ ಏನು ಬಂತೋ ಎಂದು ಬಲಕ್ಕೆ ತಿರುಗಿದ, ಎದುರು ನೋಡಿದ. ಒಂದು ಕಡೆ ನೋಡಿದರೆ ಇನ್ನೊಂದು ಕಡೆ ಇಲ್ಲವಾಗುತ್ತಿತ್ತು. ಬೆಳಿಗ್ಗೆಯವರೆಗೆ ಇಡೀ ರಸ್ತೆ ತನಗೆ ಕಾಣುತ್ತದೆ ಎಂದು ನಂಬಿದ್ದವನಿಗೆ ಈಗ ಕಾಣುವುದೆಷ್ಟು ಎಂಬುದು ಕಾಣುತ್ತಿತ್ತು. ಹಿಂದಿನ ಬಸ್ಸು ಹಾರನ್ನು ಹೊಡೆಯಿತು.

ಗೇಟು ಬಂತು. ಹೊರಗಿನ ರಸ್ತೆಗೆ ಎಡಕ್ಕೆ ತಿರುಗಬೇಕು. ಸೆಕ್ಯೂರಿಟಿಯವನು ಎದುರಿಗೆ ನಿಂತು ಬಾ ಬಾ ಎಂದು ಕೈ ಬೀಸಿದ. ನರೇಶ ಬೇಕೆಂದೇ ತಲೆ ತಿರುಗಿಸಲಿಲ್ಲ. ಎಂದಿನ ಹಾಗೆ ನೇರವಾಗಿ ನೋಡುತ್ತ ಹಾಗೇ ಕೂತು, ಇಷ್ಟು ವರ್ಷ ಎಂದೂ ಕೇಳದಿದ್ದುದನ್ನು ಕೇಳಿದ.

"ಮೇಡಂ, ಎಡಗಡೆ ಯಾರಾದ್ರೂ ಇದ್ದಾರಾ?"

ಅವಳು ಕಿಟಕಿಯಾಚೆ ನೋಡಿ, ಆಮೇಲೆ ಅವನ ಮುಖ ನೋಡಿದಳು. "ಏನ್ರೀ ಅಣ್ಣಾರ, ಮಂದಿ ನಿಂತಾರಲ್ರೀ! ಬಸ್ಸಿಗೆ ಹತ್ತಿಕೊಂಡೇ ನಿಂತಾರ!"

ಆಗ ತಿರುಗಿದ. ಟೆಕ್ ಪಾರ್ಕಿನ ಕಸ ಗುಡಿಸುವ ಹೆಂಗಸರು, ಒಂದೇ ಬಣ್ಣದ ನೀಲಿ ಸೀರೆಯವರು, ಕೈಯಲ್ಲಿ ಊಟದ ಡಬ್ಬಿ ಹಿಡಿದು ರಸ್ತೆ ದಾಟಲು ಸಾಲಾಗಿ ನಿಂತಿದ್ದರು. ಬಸ್ಸು ಹೋಗಲಿ ಎಂದು ಕಾಯುತ್ತಿದ್ದರು. ಒಬ್ಬಳು ತನ್ನ ಹಿಂದಿದ್ದವಳ ಜೊತೆ ಏನೋ ಹೇಳಿ ನಗುತ್ತಿದ್ದಳು, ಅವಳ ಕಾಲು ಚಕ್ರದಿಂದ ಮಾರು ದೂರದಲ್ಲೂ ಇರಲಿಲ್ಲ. ಅಷ್ಟು ಜನರಲ್ಲಿ ಒಬ್ಬಳನ್ನೂ ಅವನು ಕಂಡಿರಲಿಲ್ಲ.

ನರೇಶ ಹ್ಯಾಂಡ್‌ಬ್ರೇಕ್ ಎಳೆದ. ಇಂಜಿನ್ನು ಆರಿಸಿದ. ಕೀ ತೆಗೆದು ಎದ್ದು ನಿಂತು ಜನರ ಕಡೆ ತಿರುಗಿದ.

"ಎಲ್ರೂ ಇಳ್ಕೊಳ್ಳಿ ಸಾರ್. ಬೇರೆ ಬಸ್ ಕಳ್ಸೋಕೆ ಹೇಳ್ತೀನಿ."

"ಯಾಕೆ? ಬ್ರೇಕ್‌ಡೌನಾ?" ಎಂದು ಹಿಂದಿನಿಂದ ಯಾರೋ ಕೇಳಿದರು.

ಹೌದು ಎಂದರೆ ಮುಗಿಯುತ್ತಿತ್ತು. ಬಸ್ಸು ಕೆಟ್ಟಿದೆ ಎಂದರೆ ಯಾರೂ ಏನೂ ಕೇಳುತ್ತಿರಲಿಲ್ಲ, ನಾಳೆ ಬೆಳಿಗ್ಗೆ ಮತ್ತೆ ಇದೇ ಸೀಟಿನಲ್ಲಿ ಕೂರಬಹುದಿತ್ತು. ಬಾಯಿಯವರೆಗೆ ಬಂದಿತ್ತು ಆ ಮಾತು.

"ಬಸ್ ಚೆನ್ನಾಗಿದೆ ಸಾರ್," ಎಂದ ನರೇಶ. "ನಂಗೆ ಕಣ್ಣು ಕಾಣಲ್ಲ."

ಕಿವಿಯ ವೈರುಗಳು ಒಂದೊಂದೇ ಕೆಳಗಿಳಿದವು. ಹಿಂದಿನ ಸೀಟಿನ ದಪ್ಪ ಕನ್ನಡಕದವನು ಎದ್ದುನಿಂತು, "ಏನ್ರೀ ತಮಾಷೆ ಇದು? ದಿನಾ ನಿಮ್ ಬಸ್ಸಲ್ಲೇ ಬರ್ತೀವಲ್ರೀ ನಾವು! ಮೊದ್ಲೇ ಹೇಳ್ಬೇಕು ಅನ್ನಿಸ್ಲಿಲ್ವಾ?" ಎಂದು ಕೂಗಿದ.

"ನಂಗೂ ಇವತ್ತೇ ಗೊತ್ತಾಗಿದ್ದು ಸಾರ್."

ಜನ ಇಳಿದರು. ಕೆಲವರು ಅವನನ್ನು ನೋಡಿ ಇಳಿದರು, ಕೆಲವರು ನೋಡದೆ. 'ಪಾಪ' ಎಂದವರೂ ಇದ್ದರು, ಮೊಬೈಲು ತೆಗೆದು ಸೂಪರ್‌ವೈಸರಿಗೆ ದೂರು ಕೊಟ್ಟವರೂ ಇದ್ದರು. ಹಿಂದೆ ನಿಂತ ಬಸ್ಸುಗಳು ಹಾರನ್ನು ಬಿಡದೆ ಒತ್ತುತ್ತಿದ್ದವು. ಸೆಕ್ಯೂರಿಟಿಯವನ ಕೈಯಲ್ಲಿ ಕೀ ಇಟ್ಟು ನರೇಶ ಕೊನೆಯವನಾಗಿ ಕೆಳಗಿಳಿದ. ಸೌಮ್ಯಾ ಅಲ್ಲೇ ನಿಂತಿದ್ದಳು.

"ಮನೀಗೆ ಹೆಂಗ ಹೋಗ್ತೀರಿ ಅಣ್ಣಾರ?"

ಇಲ್ಲಿಂದ ಸರ್ಜಾಪುರಕ್ಕೆ ಯಾವ ನಂಬರಿನ ಬಸ್ಸು, ಅದು ಎಲ್ಲಿ ನಿಲ್ಲುತ್ತದೆ, ಒಂದೂ ಅವನಿಗೆ ಗೊತ್ತಿರಲಿಲ್ಲ. ಅವಳೇ ಬೆರಳು ತೋರಿಸಿ, ರಸ್ತೆಯ ಆ ಕಡೆ, ಬೇಕರಿಯ ಮುಂದೆ ಎಂದಳು. ನೀಲಿ ಸೀರೆಯವರು ದಾಟುತ್ತಿದ್ದರು. ನರೇಶ ರಸ್ತೆಯ ಅಂಚಿಗೆ ಬಂದ. ಬಲಕ್ಕೆ ನೋಡಿದ, ಎಡಕ್ಕೆ ನೋಡಿದ, ಮತ್ತೆ ಬಲಕ್ಕೆ. ರಸ್ತೆ ಖಾಲಿಯಿದ್ದಂತೆ ಕಂಡಿತು. ಆದರೂ ಕಾಲೆತ್ತಲು ಧೈರ್ಯವಾಗಲಿಲ್ಲ.